ಮೂರನೇ ಇಯತ್ತೆಯ ಅಂಗಡಿ

ಖಜೂರಿ
21 ಜುಲೈ 2024

ಫರಹೀನಗ ಅಮ್ಮಾನ ದುವಾ.

ನಾಕನೇ ಇಯತ್ತೆಗೇ ಸಾಲಿ ಬಿಟ್ಟ ಮುದುಕಿಗೆ ಪತ್ರ ಬರಿ ಅಂತೀಯಲ್ಲ, ನಿನಗ ಸ್ವಲ್ಪರ ಅಕಲ್ ಅದ ಏನು? ಕನ್ನಡಕ ಮೂಗಿನ ಮ್ಯಾಲಿಂದ ಜಾರ್ತದ, ಅಂಗಡಿಗಿ ಬಂದ ಗಿರಾಕಿ ನಿಂತು ನಗ್ತಾರ. "ಹಮೀದಾಬೇಗಂ ಅರ್ಜಿ ಬರಿಯಾಕತ್ತಾಳ, ಯಾರ ಮ್ಯಾಲ?" ಅಂತ ಬಾಜೂಮನಿ ಲೀಲಾಬಾಯಿ ಕೇಳಿದ್ಳು. ನನ್ನ ಮಗಳ ಮ್ಯಾಲ ಅಂದೆ. ಫೋನಿನ್ಯಾಗ ನಾ ಒದರತೇನಿ, ನೀ ಅಳತಿ, ದವಾಖಾನ್ಯಾಗ ಮಂದಿ ನಿಂತು ನೋಡ್ತಾರ, ಅದಕ್ಕ ಬರೀಬೇಕು ಅಂದಿ. ಬರಿಯಾಕತ್ತೇನಿ. ಇದನ್ನೂ ಒದರಿದಂಗೇ ಓದಕೋ.

ಇರಮನ ಸುದ್ದಿ. ಹುಡುಗಿ ಉಣ್ತಾಳ, ಮಲಗತಾಳ, ಜ್ವರ ಗಿರ ಏನಿಲ್ಲ. ಆದ್ರ ಸಾಲ್ಯಾಗ ಬಾಯಿ ಬಿಡಂಗಿಲ್ಲ. ನೀ ಹೋದಾಗಿಂದ ಹಿಂಗೇ. ಅನುಜಾ ಅಂತ ಹೊಸಾ ಟೀಚರ್ ಬಂದಾಳ, ಆಳಂದದಿಂದ ಬಸ್ಸಿಗಿ ಬರ್ತಾಳ. ಆಕಿ ನನ್ನ ಕರಿಸಿ ಹೇಳಿದ್ಳು: "ಇರಮಗ ಓದಾಕ ಬರ್ತದ, ಕೂಡಿಸಾಕ ಬರ್ತದ, ಕಳೆಯೂ ಲೆಕ್ಕ ಮಾತ್ರ ಒಂದೂ ಸರಿ ಬರಂಗಿಲ್ರಿ. ದಸರಾ ಆದ ಮ್ಯಾಲೂ ಹಿಂಗೇ ಇದ್ರ ಲೆಕ್ಕದ ತಾಸಿಗಿ ಒಂದನೇ ಇಯತ್ತೆ ಮಕ್ಕಳ ಜೋಡಿ ಕೂಡಸ್ಬೇಕಾಗ್ತದ." ನೀ ಮೂರನೇ ಇಯತ್ತೆದಾಗ ಇದ್ದಾಗ ಮಾಸ್ತರು ನಿನ್ನ ಪಾಟಿ ಎತ್ತಿ ಎಲ್ಲಾರಿಗೂ ತೋರಸ್ತಿದ್ರು. ನಿನ್ನ ಮಗಳು ಮೂಗಿನ್ಯಾಗ ಗೊಣ್ಣಿ ಸೋರೂ ಹುಡುಗ್ರ ಸಾಲಿನ್ಯಾಗ ಕುಂದರತಾಳಂತ.

ಇದಕ್ಕ ಸಾಲಿಯವರ ಔಷಧ ಏನು ಗೊತ್ತದ? ಅಂಗಡಿ ಆಟ. ಖಾಲಿ ಡಬ್ಬಿ, ಸಾಬೂನಿನ ರಟ್ಟು, ಚಹಾಪುಡಿ ಪಾಕೀಟು ಮನಿಯಿಂದ ತರಿಸಿ, ಖೋಲಿ ಮೂಲ್ಯಾಗ ಅಂಗಡಿ ಹಚ್ಚಿ, ಒಬ್ಬರು ಮಾರೂದು ಒಬ್ಬರು ಕೊಳ್ಳೂದು. ಅದರಾಗೇ ಲೆಕ್ಕ, ಅದರಾಗೇ ಕನ್ನಡ, ಅದರಾಗೇ ಪರಿಸರ ಅಂತ. ನಾ ಹುಡುಗಿಗಿ ಓದಾಕ ಕಳಸ್ತೇನಿ, ಅವರು ಅಂಗಡಿ ಇಡಸ್ತಾರ. ಅಂಗಡಿ ನಂದೇ ಅದಲ್ಲ, ರೋಡಿಗೇ ಅದ. ಅಂಗಡಿ ಇಟ್ರ ವಿದ್ಯಾ ಬರ್ತಿತ್ತು ಅಂದ್ರ ನಾ ಇಷ್ಟೊತ್ತಿಗಿ ಡಿ.ಸಿ. ಆಗಿ ಕುಂದರತಿದ್ದೆ.

ನೀ ನರ್ಸ್ ಕೆಲಸಕ್ಕ ಜೇವರ್ಗಿಗಿ ಹೋಗುವಾಗ, ಕ್ವಾರ್ಟರ್ಸ್ ಸಿಕ್ಕ ಕೂಡ್ಲೇ ಬಂದು ಒಯ್ತೇನಿ ಅಂದಿ. ಆವಾಗ ಮಾವಿನಕಾಯಿ ಬಂದಿದ್ವು. ಈಗ ಹೊಲದಾಗ ತೊಗರಿ ಮೊಳಕಾಲುದ್ದ ಆಗ್ಯಾದ. ಅಪ್ಪ ಅನ್ನಿಸಿಕೊಂಡ ಅಜರುದ್ದೀನ ತಲಾಕ್ ಕೊಟ್ಟು ಪುಣೆದಾಗ ಇನ್ನೊಂದು ಮನಿ ಹೂಡಿ ಕುಂತಾನ. ಹುಡುಗಿಗಿ ಉಳದಾಕಿ ನೀ ಒಬ್ಬಾಕಿ. ಯಾವಾಗ ಒಯ್ತಿ, ಬರಿ.

ನಿನ್ನ ಅಮ್ಮಾ
ಹಮೀದಾಬೇಗಂ


ಜೇವರ್ಗಿ
2 ಆಗಸ್ಟ್ 2024

ಅಮ್ಮಾಗ ಸಲಾಂ.

ಪತ್ರ ಮುಟ್ಟಿತು. ಎರಡು ಸಲ ಓದಿದೆ. ಒದರಿದಂಗೇ ಕೇಳಿಸ್ತು.

ಇರಮಗ ಬೈಬ್ಯಾಡ, ಹೊಡೀಬ್ಯಾಡ. ಲೆಕ್ಕ ಇವತ್ತಲ್ಲ ನಾಳೆ ಬರ್ತದ. ಅಂಗಡಿ ಆಟ ಕೆಟ್ಟದ್ದೇನಲ್ಲಮ್ಮಾ, ಈಗ ಸಾಲಿಯೊಳಗ ಹಂಗೇ ಕಲಸ್ತಾರ. ಆಡಕೋತ ಕಲತದ್ದು ಮರಿಯಂಗಿಲ್ಲ ಅಂತಾರ. ನೀ ಹೋಗಿ ಟೀಚರ್ ಜೋಡಿ ಜಗಳ ತಗೀಬ್ಯಾಡ.

ಕ್ವಾರ್ಟರ್ಸ್ ಪಟ್ಟಿಯೊಳಗ ನನ್ನ ಹೆಸರು ಅದ, ಆದ್ರ ಕೆಳಗ ಅದ. ಈಗಿರೂ ಖೋಲ್ಯಾಗ ನಾವು ಮೂರು ಮಂದಿ ಸಿಸ್ಟರ್ಸ್. ರಾತ್ರಿ ಡ್ಯೂಟಿ ಬಂದ್ರ ಇರಮನ್ನ ಯಾರ ಹತ್ತಿರ ಬಿಡಲಿ? ಫೋನ್ ಮಾಡಿದಾಗೆಲ್ಲ ಆಕಿ ಕೇಳೂದು ಒಂದೇ, "ಅಮ್ಮಿ, ಯಾವಾಗ ಬರ್ತಿ?" "ಜುಮ್ಮಾಕ್ಕ" ಅಂತ ಹೇಳಿ ಇಟ್ಟುಬಿಡ್ತೇನಿ. ಮುಂದಿನ ಶುಕ್ರವಾರ, ಜುಮ್ಮಾಕ್ಕ, ಖರೇನೇ ರಜಾ ಕೇಳೇನಿ.

ಆಕಿಗಿ ಎರಡು ಫ್ರಾಕು, ಬಣ್ಣದ ಪೆನ್ಸಿಲ್ ಕಳಸೇನಿ. ದವಾಖಾನಿ ಎದುರಿಗಿ ಯಾಸೀನ ಅಂತ ಔಷಧ ಅಂಗಡಿಯವರು ಇದ್ದಾರ, ಅವರ ಮಾಲಿನ ಗಾಡಿ ಆಳಂದಕ್ಕ ಹೊಂಟಿತ್ತು. ಅದರಾಗ ಕೊಟ್ಟು ಕಳಿಸಿದ್ರು.

ಫರಹೀನ


ಖಜೂರಿ
18 ಆಗಸ್ಟ್ 2024

ಫರಹೀನಗ ದುವಾ.

ಜುಮ್ಮಾ ಬಂತು, ಹೋತು. ನಿನ್ನ ಮಗಳು ಹೊಸಾ ಫ್ರಾಕು ಹಾಕ್ಕೊಂಡು ಅಂಗಡಿ ಕಟ್ಟಿ ಮ್ಯಾಲ ಕುಂತ್ಲು. ಆಳಂದದ ಬಸ್ಸು ಬಂದಾಗೊಮ್ಮೆ ಎದ್ದು ನಿಂತ್ಲು. ಕಡೀ ಬಸ್ಸೂ ಹೋದ ಮ್ಯಾಲ ಒಳಗ ಬಂದು ಫ್ರಾಕು ಬಿಚ್ಚಿ, ಮಡಚಿ, ಟ್ರಂಕಿನ್ಯಾಗ ಇಟ್ಲು. ಅಳಲಿಲ್ಲ. ಅತ್ತಿದ್ರ ಬೈದಾದ್ರೂ ಸುಮ್ನ ಮಾಡತಿದ್ದೆ.

ಜಗಳ ತಗೀಬ್ಯಾಡ ಅಂದಿದ್ದಿ, ಅದಕ್ಕೇ ಹೋದೆ. ಅಂಗಡಿಗಿ ಲೀಲಾಬಾಯಿನ್ನ ಕುಂದರಿಸಿ ಸೀದಾ ಸಾಲಿಗಿ ನಡದೆ. ಇವತ್ತು ಆ ಟೀಚರ್ ಸೊಕ್ಕು ಇಳಿಸ್ತೇನಿ ಅಂತ ಖಿಡಕಿ ತನಕ ಬಂದೆ. ಅಲ್ಲಿ ನನ್ನ ಧ್ವನಿ ನನಗೇ ಕೇಳಿಸ್ತು.

"ಕೈ ಹಚ್ಚಿ ನೋಡಬ್ಯಾಡಲೇ. ನಿಮ್ಮಪ್ಪನ ಗೋದಾಮಲ್ಲ ಇದು."

ಇರಮ. ಬೆಂಚು ಅಡ್ಡ ಹಾಕ್ಕೊಂಡು, ಓಡ್ನಿ ನಡಕ್ಕ ಬಿಗದು, ನಾ ಕುಂದರೂಹಂಗ ಒಂದು ಕಾಲು ಮಡಚಿ ಕುಂತಾಳ. ತೆಂಗಿನ ಕರಟಕ್ಕ ಸುತಳಿ ಕಟ್ಟಿ ತಕ್ಕಡಿ ಮಾಡ್ಯಾರ. ಹುಣಸಿ ಬೀಜ ಅಂದ್ರ ತೊಗರಿ, ಉಸುಕು ಅಂದ್ರ ಸಕ್ರಿ, ಇಟ್ಟಂಗಿ ಪುಡಿ ಅಂದ್ರ ಖಾರ. ಡಬ್ಬಿಗಿ ಚೀಟಿ ಹಚ್ಚಿ ಹೆಸರು ಬರದಾಳ, ಒತ್ತಕ್ಷರ ತಪ್ಪಿಲ್ಲ. ಗಿರಾಕಿ ಆಗಿ ಬಂದಾವ ಕಲ್ಯಾಣಕುಮಾರ, ಗಿರಣಿಯವರ ಮೊಮ್ಮಗ. ಊರ ಹುಡುಗ್ರು ನನಗ ಅಜ್ಜಿ ಅಂತ ನಾನಿ ಅನ್ನೂಹಂಗೇ ಅವ ಆಕಿಗಿ ನಾನಿ ಅಂದ.

"ನಾನಿ, ತೂಕ ಕಡಿಮಿ ಅದ."

"ತೂಕ ಕಡಿಮಿ ಇಲ್ಲಲೇ, ನಿನ್ನ ಕಣ್ಣು ಕಡಿಮಿ ಅದಾವ. ಮುಳ್ಳು ನೋಡು."

"ಸ್ವಲ್ಪ ಕೊಸರು ಹಾಕು."

"ಹಾಕ್ತೇನಿ. ಮದ್ಲ ಹೇಳು, ಈ ತೊಗರಿ ಎಲ್ಲಿ ಬೆಳೀತದ?"

"ನಮ್ಮ ಹೊಲದಾಗ."

"ಮತ್ತ ನಮ್ಮ ಅಂಗಡಿಗಿ ಯಾಕ ಬಂದಿ?"

ಇಡೀ ಖೋಲಿ ನಕ್ತು. ಇನ್ನೊಬ್ಬಾಕಿ ಹುಡುಗಿ ಸೋಲಾಪುರದ ಲಾರಿ ಡ್ರೈವರ್ ಆಗಿ ಬಂದ್ಲು, ಆಕಿ ಜೋಡಿ ಮರಾಠಿ ಹಚ್ಚಿದ್ಳು. ಸಾಲ್ಯಾಗ ಬಾಯಿ ಬಿಡಂಗಿಲ್ಲ ಅಂದ ಹುಡುಗಿ ಇದೇನಾ? ಟೀಚರ್‌ಗಿ ಬೈಬೇಕು ಅಂದದ್ದು ಬಿಟ್ಟು, ಖಿಡಕಿ ಸರಳು ಹಿಡಕೊಂಡು ನೋಡಕೋತ ನಿಂತೆ.

ಆಮ್ಯಾಲ ಅನುಜಾ ಟೀಚರ್ ಕೇಳಿದ್ಳು, "ಅಂಗಡಿಯವ್ವಾ, ಹತ್ತು ಸಾಬೂನು ಇದ್ದವು. ನಾಕು ಮಾರಿದಿ. ಎಷ್ಟು ಉಳದಾವ?"

"ಐದು."

"ನೋಡಿ ಹೇಳವ್ವಾ."

"ಐದೇ ರಿ."

ನನಗ ತಡಕೊಳ್ಳಾಕ ಆಗಲಿಲ್ಲ. ಖಿಡಕಿಯಿಂದನೇ "ಆರು ಅನ್ನಬೇ, ಆರು" ಅಂತ ಒದರಿದೆ. ಇರಮ ನನ್ನ ನೋಡಿದ್ಳು. ಅಷ್ಟೇ, ನಡಕ್ಕ ಬಿಗದ ಓಡ್ನಿ ಬಿಚ್ಚಿ ತನ್ನ ಜಾಗಕ್ಕ ಹೋಗಿ ಕುಂತ್ಲು. ಮನಿಗಿ ಬಂದ ಮ್ಯಾಲ ಸಾಬೂನು ತಂದು ಮುಂದ ಇಟ್ಟು ಕೇಳಿದೆ, ಮತ್ತ ಐದೇ ಅಂದ್ಳು. ಎರಡು ಬಿಟ್ಟೆ ಬೆನ್ನಿಗಿ. ಹೊಡೀಬ್ಯಾಡ ಅಂದಿದ್ದಿ, ಹೊಡದೇನಿ. ಸುಳ್ಳು ಬರಿಯಂಗಿಲ್ಲ ನಾ.

ನನಗ ಚಿಂತಿ ಹತ್ತ್ಯಾದ. ತೂಕ ಬರ್ತದ, ಕೂಡಿಸೂದು ಬರ್ತದ, ಮೂರು ಭಾಷಾ ಬರ್ತಾವ, ಕಣ್ಣ ಮುಂದ ಇದ್ದ ಆರು ಸಾಬೂನು ಐದು ಹ್ಯಾಂಗ ಕಾಣ್ತಾವ? ನೀ ದವಾಖಾನ್ಯಾಗ ಇರಾಕಿ, ಯಾರರ ದೊಡ್ಡ ಡಾಕ್ಟರ್‌ಗಿ ಕೇಳು.

ಮತ್ತ ಒಂದು. ಈ ಯಾಸೀನ ಯಾರು?

ಹಮೀದಾಬೇಗಂ


ಖಜೂರಿ
11 ಸೆಪ್ಟೆಂಬರ್ 2024

ಫರಹೀನ ಅವರಿಗೆ ಅನುಜಾ ಟೀಚರ್ ಮಾಡುವ ನಮಸ್ಕಾರ.

ನಿಮ್ಮ ವಿಳಾಸ ನಿಮ್ಮ ತಾಯಿಯವರಿಂದ ಪಡೆದೆ. ಫೋನಿನಲ್ಲಿ ಹೇಳುವ ಮಾತಲ್ಲ ಅಂತ ಬರೀತಿದ್ದೇನೆ. ಗಾಬರಿ ಆಗಬೇಡಿ, ಇರಮ ಆರೋಗ್ಯವಾಗಿದ್ದಾಳೆ.

ಅವಳ ಕಳೆಯುವ ಲೆಕ್ಕ ಯಾಕೆ ತಪ್ಪುತ್ತದೆ ಅನ್ನುವುದು ಮೊನ್ನೆ ತಿಳೀತು. ಸಾಲಿ ಬಿಡುವ ಹೊತ್ತಿಗೆ ನಾನೇ ಗಿರಾಕಿಯಾಗಿ ಅವಳ ಅಂಗಡಿಗೆ ಹೋದೆ. ಅವತ್ತು ಎಲ್ಲಾ ಸಾಬೂನು ಮಾರಿ ಹೋಗಿದ್ದವು, ಆದರೆ ಚಹಾಪುಡಿ ಡಬ್ಬಿಯ ಹಿಂದೆ ಒಂದು ಇತ್ತು. ಅದನ್ನು ಕೊಡು ಅಂದೆ.

"ಅದು ಇಲ್ಲ ರಿ."

"ಕಾಣ್ತದಲ್ಲವ್ವಾ."

"ಅದು ಎತ್ತಿಟ್ಟದ್ದು ರಿ. ಎತ್ತಿಟ್ಟದ್ದು ಅಂಗಡ್ಯಾಗ ಇಲ್ಲ ಅಂತನೇ ಲೆಕ್ಕ."

ಯಾರಿಗೆ ಎತ್ತಿಟ್ಟಿದ್ದಿ ಅಂತ ಕೇಳಿದೆ. "ನಮ್ಮ ಅಮ್ಮಿಗಿ. ಜುಮ್ಮಾಕ್ಕ ಬರ್ತಾಳ" ಅಂದಳು.

ಆಮೇಲೆ ನೋಡಿದರೆ ಬೆಲ್ಲದ್ದೊಂದು ತುಣುಕು, ಕಡ್ಡಿಪೆಟ್ಟಿಗೆ ಒಂದು, ಬಿಸ್ಕೀಟಿನ ಖಾಲಿ ಪಾಕೀಟು ಒಂದು, ಪ್ರತಿಯೊಂದರಲ್ಲೂ ಒಂದೊಂದು ಹಿಂದೆ ಇತ್ತು. ಅವಳ ಬರಹದ ಲೆಕ್ಕಗಳನ್ನು ಮತ್ತೊಮ್ಮೆ ತೆಗೆದು ನೋಡಿದೆ. ಕಳೆಯುವ ಲೆಕ್ಕದ ಎಲ್ಲಾ ಉತ್ತರಗಳೂ ಒಂದು ಕಡಿಮೆ. ಮಾವಿನಹಣ್ಣಿನ ಲೆಕ್ಕ ಇರಲಿ, ಗಿಡದ ಮೇಲಿನ ಗುಬ್ಬಿಗಳ ಲೆಕ್ಕ ಇರಲಿ, ಬರೀ ಅಂಕಿ ಕೊಟ್ಟ ಲೆಕ್ಕ ಇರಲಿ, ಒಂದನ್ನು ನಿಮಗೆ ಅಂತ ತೆಗೆದಿಟ್ಟು ಉಳಿದದ್ದನ್ನು ಬರೆದಿದ್ದಾಳೆ. ಅವಳಿಗೆ ಕಳೆಯುವುದು ಚೆನ್ನಾಗಿ ಬರ್ತದೆ. ಒಂದನೇ ಇಯತ್ತೆಯಲ್ಲಿ ಕೂಡಿಸುವ ಮಾತು ಇನ್ನಿಲ್ಲ.

ಪುಸ್ತಕದ ಲೆಕ್ಕದಲ್ಲಿ ಎತ್ತಿಡಬಾರದವ್ವಾ, ಎಲ್ಲಾ ಎಣಿಸಬೇಕು ಅಂತ ಹೇಳಿದೆ. "ಮತ್ತ ಅಮ್ಮಿ ಬಂದು ಕೇಳಿದ್ರ?" ಅಂದಳು. ಆ ಪ್ರಶ್ನೆ ನಿಮಗೆ ಸೇರಿದ್ದು, ಅದಕ್ಕೇ ಈ ಪತ್ರ.

ನವೆಂಬರ್ ಹದಿನಾಲ್ಕಕ್ಕೆ ಮಕ್ಕಳ ಸಂತೆ ಇಟ್ಟಿದ್ದೇವೆ. ಅವತ್ತು ಖಾಲಿ ಡಬ್ಬಿ ಅಲ್ಲ, ಮಕ್ಕಳು ನಿಜವಾದ ಕಾಯಿಪಲ್ಯ, ತಿಂಡಿ ತಂದು ಮಾರುತ್ತಾರೆ. ತಂದೆತಾಯಿ ಬಂದು ಕೊಳ್ಳುತ್ತಾರೆ. ಆಗುವುದಾದರೆ ಬನ್ನಿ. ಆಗುವುದಿಲ್ಲ ಅನ್ನುವುದಾದರೆ ಬರುತ್ತೇನೆ ಅಂತ ಹೇಳಬೇಡಿ.

ಇಂತಿ
ಅನುಜಾ


ಖಜೂರಿ
22 ಸೆಪ್ಟೆಂಬರ್ 2024

ಫರಹೀನ,

ಟೀಚರ್ ಬರದದ್ದು ನನಗ ಓದಿ ತೋರಿಸಿದ್ಳು. ನಿನಗೂ ಮುಟ್ಟಿರಬೇಕು. ಜವಾಬು ಯಾಕಿಲ್ಲ?

ಹುಡುಗಿ ಅದನ್ನ ನನ್ನ ನೋಡೇ ಕಲತದ್ದು. ಲೀಲಾಬಾಯಿ ಹಲ್ಲಿಗಿ ತಿಕ್ಕೂ ಮಶೇರಿ ಪುಡಿ, ಶ್ರೀರಂಗ ಡ್ರೈವರನ ಕಂಬಳಿ ಛಾಪ್ ಬೀಡಿ, ಇವು ಬಂದ ದಿನಾನೇ ಎತ್ತಿಡ್ತೇನಿ. ಒಮ್ಮೆ ಎತ್ತಿಟ್ರ ಅದು ಮಾಲಲ್ಲ, ಅಮಾನತ್, ಅವರು ನಮ್ಮ ಕಡೆ ನಂಬಿ ಇಟ್ಟ ಗಂಟು. ಬ್ಯಾರೆಯವರು ಕಾಲಿಗಿ ಬಿದ್ರೂ ಕೊಡಂಗಿಲ್ಲ. ಮುಂಜಾನೆ ಮಾಲು ಎಷ್ಟದ ಅಂತ ಎಣಿಸುವಾಗ ಅದನ್ನ ಎಣಸಂಗಿಲ್ಲ. ನನ್ನವ್ವನ ಕಾಲದಿಂದ ನಮ್ಮ ಅಂಗಡಿ ರೀತಿ ಇದು. ನಿನಗೂ ಗೊತ್ತದ. ನೀ ಅದೇ ಕಟ್ಟಿ ಮ್ಯಾಲ ಬೆಳದಾಕಿ.

ಹೊಡದದ್ದರ ಬಗ್ಗೆ ನಾ ಏನೂ ಬರಿಯಂಗಿಲ್ಲ. ಅವತ್ತು ರೊಟ್ಟಿಗಿ ತುಪ್ಪ ಹಚ್ಚಿ ಕೊಟ್ಟೆ, ತಿಂದ್ಲು.

ಈಗ ನಿನ್ನ ಮಾತು. ನಮ್ಮ ಓಣಿ ಸುಲ್ತಾನಬಿ ಮಗಳನ್ನ ನಿಮ್ಮ ಜೇವರ್ಗಿ ಕಡೆ ಕೊಳಕೂರಿಗಿ ಕೊಟ್ಟಾರಲ್ಲ, ಆಕಿ ತವರಿಗಿ ಬಂದಿದ್ಳು. ಬಾಯಾಗ ಎಲಿ ಅಡಿಕಿ ಹಾಕ್ಕೊಂಡು ಅಂಗಡಿಗಿ ಬಂದು ಕೇಳ್ತಾಳ, "ಖಾಲಾ, ಫರಹೀನ ಆಪಾ ನಮ್ಮೂರಿಗೇ ಸೊಸಿ ಆಗಿ ಬರ್ತಾಳಂತಲ್ಲ. ಯಾಸೀನಭಾಯಿ ಮದಲನೇ ಹೇಂತಿ ಸತ್ತು ಎರಡು ವರ್ಷ ಆತು. ಛಲೋ ಮಂದಿ. ಹುಡುಗಿ ಮಾತ್ರ ನಾನಿ ಹತ್ತಿರನೇ ಇರ್ತಾಳಂತ, ಹೌದೇನು?"

ಹೌದು ಅನ್ನಲೋ ಇಲ್ಲ ಅನ್ನಲೋ? ಊರ ಮಂದಿಗಿ ಗೊತ್ತದ, ನನಗ ಗೊತ್ತಿಲ್ಲ. "ನಿಂದು ಏನು ಬೇಕು, ತೊಗೊಂಡು ನಡಿ" ಅಂತ ಆಕಿಗಿ ಕಳಿಸಿದೆ. ಆಮ್ಯಾಲ ಇಡೀ ದಿನ ತಪ್ಪು ತೂಕ ಹಾಕೇನಿ.

ಕ್ವಾರ್ಟರ್ಸ್ ಅನ್ನೂ ಮಾತು ಇನ್ನ ಬಿಡು. ಖರೇ ಏನದ ಅದನ್ನ ಬರಿ.

ಹಮೀದಾಬೇಗಂ


ಜೇವರ್ಗಿ
1 ಅಕ್ಟೋಬರ್ 2024

ಅಮ್ಮಾ,

ಈ ಪತ್ರ ನಾಕು ಸಲ ಬರದು ಹರದೇನಿ.

ಸುದ್ದಿ ಖರೇ. ಯಾಸೀನ ಅವರು ಛಲೋ ಮನುಷಾ. ದನಿ ಎತ್ತರಿಸಿ ಮಾತಾಡಂಗಿಲ್ಲ. ರಾತ್ರಿ ಡ್ಯೂಟಿ ಇದ್ದಾಗ ಚಹಾ ಕಳಸ್ತಾರ, ಯಾರಿಗೂ ತೋರಿಸಿಕೊಳ್ಳಂಗಿಲ್ಲ. ಇರಮನ ಬಗ್ಗೆ ಅವರಿಗಿ ಮದಲನೇ ದಿನಾನೇ ಹೇಳೇನಿ. ಅವರು ಬರಲಿ ಅಂದ್ರು. ಅವರ ತಾಯಿ ಬ್ಯಾಡ ಅಂದ್ರು. "ಒಂದು ವರ್ಷ ಹೋಗಲಿ, ಹೊಸ ಸಂಸಾರ ಬೇರೂರಲಿ, ಆಮ್ಯಾಲ ನೋಡೂಣು" ಅಂತಾರ. ಯಾಸೀನ ಅವರು ತಾಯಿ ಮುಂದ ಮಾತಾಡಂಗಿಲ್ಲ. ಡಿಸೆಂಬರ್‌ದಾಗ ನಿಕಾಹ ಅಂತ ಮಾತು ನಡದದ.

ನಾ ಹ್ಞೂಂ ಅಂದಿಲ್ಲ. ಬ್ಯಾಡ ಅಂತನೂ ಅಂದಿಲ್ಲ. ನೀ ನನ್ನ ಜಾಗದಾಗ ನಿಂತು ನೋಡು ಅಂದ್ರ ನೀ ನಿಲ್ಲಂಗಿಲ್ಲ, ನನಗ ಗೊತ್ತದ. ಅಜರುದ್ದೀನ ಬಿಟ್ಟು ಹೋದಾಗಿಂದ ಯಾರರ ಒಬ್ಬರು "ಊಟ ಆತೇನು" ಅಂತ ಕೇಳಿದ್ದು ಇದೇ ಮದಲು.

ಆ ಟೀಚರ್ ಪತ್ರ ದಿಂಬಿನ ಕೆಳಗ ಅದ. ಪದೇ ಪದೇ ಓದಾಕ ಧೈರ್ಯ ಇಲ್ಲ.

ದಸರಾ ಸೂಟಿಯೊಳಗ ಬರ್ತೇನಿ. ಬಂದು ಇರಮಗ ನಾನೇ ಹೇಳ್ತೇನಿ. ಅಲ್ಲೀತನ ನೀ ಏನೂ ಹೇಳಬ್ಯಾಡ. ನಿನ್ನ ಕಾಲು ಹಿಡೀತೇನಿ, ಹೇಳಬ್ಯಾಡ.

ಫರಹೀನ


ಖಜೂರಿ
3 ನವೆಂಬರ್ 2024

ಫರಹೀನ,

ದಸರಾ ಸೂಟಿ ಮುಗದು ಸಾಲಿ ಶುರು ಆಗ್ಯಾವ. ದೀವಳಿಗೀನೂ ಆತು. ನೀ ಬರಲಿಲ್ಲ. ನಾ ಹುಡುಗಿಗಿ ಏನೂ ಹೇಳಲಿಲ್ಲ. ನೀ ಕಾಲು ಹಿಡದಿ ಅಂತ ಬಾಯಿ ಕಟ್ಟಕೊಂಡು ಕುಂತೆ. ಇಷ್ಟು ದಿನ ಬಾಯಿ ಕಟ್ಟಿದ್ದು ನನ್ನ ಜನ್ಮದಾಗ ಇಲ್ಲ.

ಮೊನ್ನೆ ಸಾಲ್ಯಾಗ ಲೆಕ್ಕದ ಪರೀಕ್ಷಾ ಆತು. ಇರಮಗ ಎಲ್ಲಾ ಸರಿ ಬಂದಾವ. ಕಳೆಯೂದು, ಕೂಡಿಸೂದು, ಒಂದೂ ತಪ್ಪಿಲ್ಲ. ಕೈ ಮ್ಯಾಲ ಚುಕ್ಕಿ ಬರಿಸಿಕೊಂಡು ಬಂದ್ಲು. ಲೀಲಾಬಾಯಿ ಆಕಿ ಬಾಯಿಗಿ ಸಕ್ರಿ ಹಾಕಿದ್ಳು. ನಾನೂ ಖುಷಿ ಪಟ್ಟೆ. ಚಹಾಕ್ಕ ಇಡಾಕ ಅಂತ ಒಳಗ ಹೋಗಿ ಒಲಿ ಮುಂದ ನಿಂತಾಗ ನಿನಗಂತ ಆಕಿ ಎತ್ತಿಡತಿದ್ದದ್ದು ನೆನಪಾತು. ಚಹಾ ಬಿಟ್ಟು ಹೊರಗ ಬಂದೆ.

"ಏನಬೇ, ಈಗ ಎತ್ತಿಡಂಗಿಲ್ಲೇನು?"

"ಇಲ್ಲ, ನಾನಿ."

"ಟೀಚರ್ ಬ್ಯಾಡ ಅಂದ್ರೇನು?"

"ಅವರು ಪುಸ್ತಕದಾಗ ಅಷ್ಟೇ ಬ್ಯಾಡ ಅಂದಿದ್ರು. ಅಂಗಡ್ಯಾಗ ಎತ್ತಿಟ್ಟಿದ್ದೆ. ಈಗ ಅವನ್ನೂ ಮಾರಿದೆ."

"ಯಾಕ?"

ಹುಡುಗಿ ನನ್ನ ಮಾರಿ ನೋಡಲಿಲ್ಲ. ಬೆಲ್ಲದ ಮ್ಯಾಲಿನ ನೊಣ ಹೊಡಕೋತ ಹೇಳಿದ್ಳು, "ಆ ಗಿರಾಕಿ ಬರಂಗಿಲ್ಲ, ನಾನಿ. ಎಷ್ಟು ದಿನ ಅಂತ ಇಟಗೊಂಡು ಕುಂದರೂದು. ಮಾಲು ಕೆಡ್ತದ."

ಎಂಟು ವರ್ಷದ ಹುಡುಗಿ, ಫರಹೀನ.

ಲೆಕ್ಕ ತಪ್ಪಿದಾಗ ನಾ ಒದರಾಡಿದೆ, ಹೊಡದೆ, ಡಾಕ್ಟರ್‌ಗಿ ಕೇಳು ಅಂದೆ. ಈಗ ಸರಿ ಆಗ್ಯಾವ, ನನಗ ಉಣ್ಣಾಕ ಸೇರವಲ್ದು. ಅಂಗಡಿ ಆಟದಾಗ ಈಗೂ ಆಡ್ತಾಳ, ಜೋರಾಗೇ ಆಡ್ತಾಳ, ಟೀಚರ್ ಭಾಳ ಸುಧಾರಿಸ್ಯಾಳ ಅಂತಾಳ. ನೀ ಹೋದ ವಾರ ಫೋನ್ ಮಾಡಿದಿಯಲ್ಲ, ಆಕಿ ನಿನಗ ಏನು ಕೇಳಿದ್ಳು ನೆನಪು ಮಾಡಕೋ. ಊಟ ಆತೇನು, ಮಳಿ ಅದ ಏನು ಅಂತ ಕೇಳಿದ್ಳು. ಯಾವಾಗ ಬರ್ತಿ ಅಂತ ಕೇಳಲಿಲ್ಲ. ನಿನಗ ಹಗುರ ಆಗಿರಬೇಕು. ಬಾಜೂಕ ನಿಂತಿದ್ದ ನನಗ ಆಗಲಿಲ್ಲ.

ನಿಕಾಹ ಮಾಡಕೋ. ನಾ ಬ್ಯಾಡ ಅನ್ನಂಗಿಲ್ಲ. ಮೂವತ್ತೂ ಆಗಿಲ್ಲ ನಿನಗ, ಒಬ್ಬಾಕಿನೇ ಇರು ಅಂತ ಹೇಳೂ ಅಷ್ಟು ಕಟುಕಿ ಅಲ್ಲ ನಾ. ಹುಡುಗಿನ್ನ ಸಾಕೂದೂ ನನಗ ಭಾರ ಅಲ್ಲ. ನನ್ನ ಕಡೆ ಇರಲಿ ಅಂದ್ರ ಇರಲಿ, ಒಯ್ತೇನಿ ಅಂದ್ರ ಒಯ್ಯಿ. ಎರಡರಾಗ ಯಾವುದಾದ್ರೂ ಹುಡುಗಿ ತಡಕೊಂಡಾಳು. ಜುಮ್ಮಾಕ್ಕ ಬರ್ತೇನಿ ಅಂಬೂದು ಮಾತ್ರ ಆಕಿಗಿ ಇನ್ನ ಆಗಂಗಿಲ್ಲ. ನನಗೂ ಆಗಂಗಿಲ್ಲ. ನನಗ ವಯಸ್ಸಾಗ್ಯಾದ, ಕಾಲು ಬಾವು ಬಂದಾವ, ನಾಳೆ ನನಗೇನರ ಆದ್ರ ಈ ಹುಡುಗಿ ಯಾರ ಮನಿ ಮುಂದ ನಿಂತು ಯಾರನ್ನ ಕೇಳಬೇಕು? ಇದನ್ನ ನೆನಸಿಕೋತ ಬರದೇನಿ. ಅಕ್ಷರ ಸೊಟ್ಟ ಆಗ್ಯಾವ ಅಂತ ನಗಬ್ಯಾಡ.

ಹದಿನಾಲ್ಕಕ್ಕ ಸಂತಿ ಅದ. ಇರಮ ಮೆಂತೆಪಲ್ಯ ಮಾರ್ತಾಳ, ಹಿತ್ತಲದಾಗ ತಾನೇ ಹಾಕಿ ಬೆಳಸ್ಯಾಳ. ನೀ ಬರೂದಿದ್ರ ಯಾಸೀನಗೂ ಕರಕೊಂಡು ಬಾ. ಅವ ಹುಡುಗಿ ಎದುರಿಗಿ ಕುಂತು ತನ್ನ ಬಾಯಿಲೇ ಹೇಳಲಿ, ಆಕಿ ಅವರ ಮನಿಗಿ ಬರ್ತಾಳೋ ಇಲ್ಲೋ, ಯಾವಾಗ ಬರ್ತಾಳ. ಅವನ ತಾಯಿ ಮಾತು ನನಗ ಬ್ಯಾಡ, ಅವನ ಮಾತು ಬೇಕು. ಬರೂದಿಲ್ಲ ಅಂದ್ರ ಬರೂದಿಲ್ಲ ಅಂತ ಬರಿ. ನಾನೇ ಆಕಿನ್ನ ಕುಂದರಿಸಿಕೊಂಡು ಹೇಳ್ತೇನಿ, ಇಲ್ಲೇ ಇರ್ತಿ, ನನ್ನ ಕಡೆನೇ ಇರ್ತಿ ಅಂತ. ಅಳತಾಳ, ಅಳಲಿ. ಬಗಲಾಗ ನಾ ಇರ್ತೇನಿ.

ಫೋನ್ ಮಾಡಬ್ಯಾಡ, ನಾ ಎತ್ತಂಗಿಲ್ಲ. ಹತ್ತನೇ ತಾರೀಖಿನೊಳಗ ಜವಾಬು ನನ್ನ ಕೈಯಾಗ ಇರಬೇಕು.

ಹಮೀದಾಬೇಗಂ